ಕೊನೇಲಿ ಮುಟ್ಟಿದ್ದು ಯಾರು?

ಚೆಲುವಯ್ಯ ಮೇಸ್ತ್ರಿಗಳು ಗಾಡಿಗೆ ಬೆನ್ನು ಹಾಕಿ ನಿಂತು ಅದರ ಕಾಯಿಲೆ ಹೇಳುತ್ತಿದ್ದರು. ಬಾನೆಟ್ ಎತ್ತಿಸಿ, ಇಂಜಿನ್ ಶುರು ಮಾಡಿಸಿ, ತಾವು ಮಾತ್ರ ರಸ್ತೆ ಕಡೆ ಮುಖ ಮಾಡಿ ಕೈಯನ್ನು ಹಿಂದೆ ಕಟ್ಟಿಕೊಂಡು ನಿಲ್ಲುವರು. ನೋಡಿದವರು ಮೇಸ್ತ್ರಿಗೂ ಗಾಡಿಗೂ ಮಾತು ಬಿಟ್ಟಿದೆ ಅಂದುಕೊಳ್ಳಬೇಕು. ಯಾಕಣ್ಣ ಹಂಗೆ ಅಂತ ನಾನು ಕೇಳಿದರೆ, "ಕಣ್ಣು ಚಾಡಿ ಏಳ್ತದೆ ಕಣಕ್ಕ, ಕಿವಿ ಅಂಗಲ್ಲ" ಅನ್ನುವರು.

ಆಮೇಲೆ ತಿರುಗಿ ಕೇಳುವ ಮೊದಲ ಮಾತು ಯಾವಾಗಲೂ ಒಂದೇ. "ಕೊನೇಲಿ ಮುಟ್ಟಿದ್ದು ಯಾರು?" ಟ್ರ್ಯಾಕ್ಟರ್ ಆಗಲಿ, ಬೋರಿನ ಮೋಟ್ರಾಗಲಿ, ಇದನ್ನು ಕೇಳದೆ ಸ್ಪ್ಯಾನರ್ ಹಿಡಿದವರಲ್ಲ. "ಗಾಡಿ ತಾನಾಗೇ ಕೆಡಾಕಿಲ್ಲ. ಯಾರೋ ಒಳ್ಳೇದು ಮಾಡಾಕೋಗಿರ್ತಾರೆ."

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ಆದರೆ ಹೋದ ಭಾನುವಾರ ನನ್ನ ಮೊಮ್ಮಗಳು ಸಿಂಚನ ಕಾರಿನ ರೇಸಿನಲ್ಲಿ ಮೊದಲು ಬಂದು, ಗೆದ್ದ ಕಪ್ಪನ್ನು ನನ್ನ ಮಡಿಲಿಗೆ ಹಾಕಿದಾಗಿನಿಂದ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಮೊದಲು ಹೇಳಬೇಕಾಗಿದ್ದ ಮೇಸ್ತ್ರಿಗಳು ಮಾತ್ರ ಈಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಹಾರನಹಳ್ಳಿ ಹತ್ತಿರದ ಊರು. ಹೊಗೆಸೊಪ್ಪು ಬೆಳೆದು, ಬ್ಯಾರನ್ ಅನ್ನುವ ಬಿಸಿ ಮನೆಯಲ್ಲಿ ಬೇಯಿಸಿ ಮಾರುವವರು ನಾವು. ಸೊಪ್ಪು ಮುಗಿದ ಹೊಲಗಳಲ್ಲಿ ಈಚೆಗೆ ಹುಡುಗರು ಮಣ್ಣಿನ ದಾರಿ ಮಾಡಿ ಕಾರು ಓಡಿಸುತ್ತಾರೆ. ಸಿಂಚನಳಿಗೆ ಅದೇ ಹುಚ್ಚು. ಹಳೇ ಕಾರೊಂದನ್ನು ತಂದು ಬ್ಯಾರನ್ ಪಕ್ಕದ ಚಪ್ಪರದಲ್ಲಿ ನಿಲ್ಲಿಸಿಕೊಂಡು, ತಾನೇ ಬಿಚ್ಚಿ ತಾನೇ ಕಟ್ಟುವಳು. ಮೂರು ವರ್ಷದ ಹಿಂದೆ, ಮೊದಲ ರೇಸಿಗೆ ನಾಲ್ಕು ದಿನ ಇದ್ದಾಗ, ಇಂಜಿನ್ನಿಗೆ ಪೆಟ್ರೋಲ್ ಸಾಲದು ಅಂತ ಟ್ಯಾಂಕಿಗೆ ದೊಡ್ಡ ಪಂಪು ಕೂರಿಸಿದಳು. ಪೆಟ್ರೋಲಿನ ಒತ್ತಡ ಹಿಡಿದಿಡುವ ಹೊಸ ರೆಗ್ಯುಲೇಟರು, ಅದನ್ನು ತೋರಿಸುವ ಗೇಜೂ ಬಂತು. ಗೇಜಿನ ಮುಳ್ಳು ಮೂರರಲ್ಲಿ ನಿಲ್ಲಬೇಕಂತೆ. ಮಾರನೇ ಬೆಳಿಗ್ಗೆ ಕೀ ತಿರುಗಿಸಿದರೆ ಆರಕ್ಕೆ ಏರಿ ಕೂತಿತು. ಹೊಗೆ ಕಪ್ಪಗೆ ಬಂತು, ಅಂಗಳವೆಲ್ಲ ಪೆಟ್ರೋಲ್ ವಾಸನೆ.

"ಹಿಂಗೇ ಓಡಿಸ್ತೀನಿ ಬಿಡಜ್ಜಿ. ಹೆಣ್ಣುಡುಗಿ ಗಾಡಿ ಸ್ಟಾರ್ಟೇ ಆಗಲ್ಲ ಅಂತ ಆಗಲೇ ನಗ್ತಾವ್ರೆ" ಅಂದಳು. ಪೆಟ್ರೋಲಿಗೆ ಕಿಡಿ ತಾಗಿ ಗಾಡಿಯೇ ಹೊತ್ತಿಕೊಂಡೀತು ಅಂತ ಹುಣಸೂರಿನ ಮೇಸ್ತ್ರಿಗಳಿಗೆ ಫೋನು ಮಾಡಿಸಿದೆ. ಹನ್ನೊಂದು ಗಂಟೆಗೆ ಮೇಸ್ತ್ರಿಗಳು ತಮ್ಮ ಹಳೇ ಸ್ಕೂಟರಿನಲ್ಲಿ ಬಂದರು, ಬೆನ್ನು ಹಾಕಿ ನಿಂತರು, ಕೇಳಿದರು, ತಿರುಗಿದರು.

"ಕೊನೇಲಿ ಮುಟ್ಟಿದ್ದು ಯಾರು ಮಗಾ?"

"ನಾನೇ ತಾತ. ಇನ್ಯಾರು ಮುಟ್ತಾರೆ?"

ನಾನೂ ಮುಟ್ಟಿದ್ದು ನೆನಪೇ ಇರಲಿಲ್ಲ, ನಿಜವಾಗಿ.

"ಅಕ್ಕ, ಬ್ಯಾರನ್ನಲ್ಲಿ ಕಾವು ನೋಡೋಳು ನೀನೇ ಅಲ್ವಾ? ಬಾ, ಈ ಮುಳ್ಳು ನೋಡ್ಕೊಂಡು ಕೂತ್ಕೊ" ಅಂದು ಒಂದು ಡಬ್ಬ ಬೋರಲು ಹಾಕಿ ನನ್ನನ್ನು ಕೂರಿಸಿದರು. ಇಂಜಿನ್ ಆರಿಸಿ ಪಂಪೊಂದನ್ನೇ ಓಡಿಸಿದರು. ಗೇಜೇ ಸುಳ್ಳು ಹೇಳುತ್ತಿರಬಹುದೆಂದು ಬೇರೆ ಗೇಜು ಹಾಕಿದರು. "ಆರು" ಅಂದೆ. ರೆಗ್ಯುಲೇಟರಿನ ತಿರುಪು ಪೂರಾ ಸಡಿಲ ಮಾಡಿದರು. "ಆರೇ ಕಣಣ್ಣ."

ಮೇಸ್ತ್ರಿಗಳು ನನಗೆ ತಿಳಿಯುವ ಹಾಗೆ ಹೇಳಿದರು. "ನೋಡಕ್ಕ, ನಾಲೇಲಿ ನೀರು ಬರ್ತದೆ. ಗದ್ದೆ ಬೇಕಾದಷ್ಟು ಕುಡೀತದೆ. ಮಿಕ್ಕಿದ್ದು ಎಲ್ಲಿಗೋಗ್ಬೇಕು? ಬಸಿಗಾಲುವೆಗೆ. ಅದು ಕಟ್ಕೊಂಡ್ರೆ ಬದು ಒಡೀತದೆ. ಇಲ್ಲೂ ಅಂಗೇಯ, ಇಂಜಿನ್ ಕುಡ್ದು ಮಿಕ್ಕಿದ್ದು ಗಾಡಿ ಕೆಳಗಿನ ಕರೀ ಪೈಪಲ್ಲಿ ವಾಪಸ್ ಟ್ಯಾಂಕಿಗೋಗ್ಬೇಕು."

ಕರೀ ಪೈಪು ಅಂದ ಕೂಡಲೇ ನೆನಪಾಯಿತು. ಹಿಂದಿನ ದಿನ ಸಿಂಚನ ಊಟಕ್ಕೆ ಹೋಗಿದ್ದಾಗ ಗಾಡಿ ಕೆಳಗೆ ಕರೀ ರಬ್ಬರ್ ಪೈಪೊಂದು ಜೋತಾಡುತ್ತಿತ್ತು. ಕಲ್ಲಿಗೆ ಸಿಕ್ಕಿ ಹರಿದೀತು, ಕೂಸಿಗೆ ಏನಾದರೂ ಆದೀತು ಅಂತ, ಅದನ್ನು ಎರಡು ಮಡಿಕೆ ಮಾಡಿ, ಬ್ಯಾರನ್ನಿಗೆ ಏರಿಸುವ ಕಡ್ಡಿಗೆ ಸೊಪ್ಪು ಕಟ್ಟುವ ದಾರದಲ್ಲಿ ಮೇಲಕ್ಕೆ ಬಿಗಿದಿದ್ದೆ. ನಲವತ್ತು ವರ್ಷ ಸೊಪ್ಪು ಕಟ್ಟಿದ ಕೈ. ಸಡಿಲ ಕಟ್ಟಲು ಬರುವುದೇ ಇಲ್ಲ.

ಹೇಳಿದರೆ ಮೊಮ್ಮಗಳು ಇನ್ನು ಚಪ್ಪರದ ಹತ್ತಿರವೂ ಬಿಡಲಾರಳು. ಹೇಳದಿದ್ದರೆ? ಮುಳ್ಳು ಆರರಲ್ಲೇ ಇತ್ತು.

"ಚೆಲುವಣ್ಣ, ಕೊನೇಲಿ ಮುಟ್ಟಿದ್ದು ನಾನು."

ಅವರು ಗೋಣಿಚೀಲ ಹಾಸಿ ಗಾಡಿಯಡಿಗೆ ಜಾರಿದರು. ಒಳಗಿಂದ ನಗು ಕೇಳಿತು. "ಅಯ್ಯೋ ನಿನ್ನ ಗಂಟಿಗಿಷ್ಟು! ಇದನ್ನ ಬಿಚ್ಚಾಕೆ ಆಗಾಕಿಲ್ಲ, ಬೇಯ್ಸೇ ಇಳಿಸ್ಬೇಕು!"

"ಅಜ್ಜೀ!" ಅಂತ ಸಿಂಚನ ಚೀರಿದಳು. "ನನ್ನ ಗಾಡಿ ಮುಟ್ಬೇಡ ಅಂತ ಎಷ್ಟ್ ಸಲ ಹೇಳ್ಲಿ?"

ದಾರ ಕುಯ್ದರು. ಮುಳ್ಳು ಇಳಿಯಿತು, ಆದರೆ ನಾಲ್ಕರಲ್ಲಿ ನಿಂತುಬಿಟ್ಟಿತು. ಆಗ ಮೇಸ್ತ್ರಿಗಳು ಪಂಪು ನಿಲ್ಲಿಸಿ, ವಾಪಸ್ ಪೈಪನ್ನು ರೆಗ್ಯುಲೇಟರಿನಿಂದ ಕಿತ್ತು, ಅಲ್ಲಿಗೆ ದಪ್ಪ ಪೈಪು ಸಿಕ್ಕಿಸಿ ಅದರ ತುದಿಯನ್ನು ಕ್ಯಾನಿಗೆ ಬಿಟ್ಟು, ಮತ್ತೆ ಪಂಪು ಓಡಿಸಿ ತಿರುಪು ಸರಿಮಾಡಿದರು. ಮೂರು! ಮುಳ್ಳು ಮೂರರ ಗೆರೆ ಮೇಲೆ ಕೂತು ಅಲ್ಲಾಡಲಿಲ್ಲ. ನಾನು ಕೂಗಿದ ಕೂಗಿಗೆ ಕೋಳಿಗಳು ಚದುರಿದವು.

"ನೋಡ್ದಾ ಮಗಾ?" ಅಂದರು ಸಿಂಚನಳಿಗೆ. "ಪಂಪು ಆನೆ ತಂದು ಕೂರ್ಸಿದ್ದೀಯ, ವಾಪಸ್ ದಾರಿ ಇಲಿ ಬಿಲ ಮಡಗಿದ್ದೀಯ. ಅಜ್ಜಿ ಕಟ್ಟಿದ್ದೊಂದು, ನೀನು ಬದಲಾಯಿಸ್ದೇ ಬುಟ್ಟಿದ್ದೊಂದು. ಇಬ್ರೂ ಒಳ್ಳೇದೇ ಮಾಡಾಕೋಗಿದ್ದೀರಿ." ಸಿಂಚನ ತಲೆ ತಗ್ಗಿಸಿದಳು. ಟ್ಯಾಂಕಿನವರೆಗೂ ದಪ್ಪ ಪೈಪು ಎಳೆದ ಮೇಲೆ ಕೊನೆಯ ಕ್ಲಿಪ್ಪನ್ನು ನನ್ನ ಕೈಯಲ್ಲೇ ಬಿಗಿ ಮಾಡಿಸಿದರು. "ಇವ್ಳ ಕೈ ಬಿಗಿ ಇಲ್ಲಿ ಬೇಕು ಕಣ್ ಮಗಾ, ಇದು ಸೋರಾಕಿಲ್ಲ."

ಆ ರೇಸಿನ ಭಾನುವಾರ ಹೊಲದ ಬದುವಿನ ಮೇಲೆ ನಾನು ಕಣ್ಣು ಮುಚ್ಚಿ ನಿಂತಿದ್ದೆ. ಪಕ್ಕದಲ್ಲಿ ಮೇಸ್ತ್ರಿಗಳು, ರೇಸಿಗೇ ಬೆನ್ನು ಹಾಕಿ. "ಬಂತು... ತಿರುವು... ಸರ್ಯಾಗಿ ಅದೆ... ಉಸ್ರಾಡಕ್ಕ" ಅನ್ನುತ್ತಿದ್ದರು. ಅವಳು ಅವತ್ತು ಐದನೆಯವಳಾಗಿ ಬಂದಳು. ಗಾಡಿಗೆ ಬೆಂಕಿ ಹತ್ತದೆ, ಇಳಿದು, ನಡೆದುಕೊಂಡು ನನ್ನ ಹತ್ತಿರ ಬಂದಳು. ನನಗೆ ಅಷ್ಟೇ ಬೇಕಾಗಿತ್ತು.

ಹೋದ ವರ್ಷ ಮೇಸ್ತ್ರಿಗಳಿಗೆ ಲಕ್ವ ಹೊಡೆಯಿತು. ಕೆ.ಆರ್. ನಗರದ ಮಗಳ ಮನೆಯಲ್ಲಿದ್ದರು. ನೋಡಲು ಹೋದಾಗ ನಮ್ಮ ಗುರುತು ಹತ್ತಲಿಲ್ಲ. ಮಾತೂ ತೊದಲು. ಸಿಂಚನ ಹೊರಗೆ ಹೋಗಿ ಕಿಟಕಿಯ ಹತ್ತಿರ ಕಾರು ತಂದು ಇಂಜಿನ್ ಶುರು ಮಾಡಿದಳು. ಮೇಸ್ತ್ರಿಗಳು ಮೆಲ್ಲಗೆ, ಮಂಚದ ಮೇಲೇ, ಕಿಟಕಿಗೆ ಬೆನ್ನು ಮಾಡಿ ಗೋಡೆ ಕಡೆ ಹೊರಳಿದರು. ಬಹಳ ಹೊತ್ತು ಕೇಳಿದರು.

"ಕೊನೇಲಿ... ಮುಟ್ಟಿದ್ದು... ಯಾರು?"

"ನಾನೇ ಕಣಣ್ಣ."

"ಸರ್ಯಾಗಿ ಅದೆ ಬುಡು" ಅಂದರು. ನಾನು ಅವರನ್ನು ಕಂಡಿದ್ದು ಅದೇ ಕೊನೆ.

ಹೋದ ಭಾನುವಾರ ನಾನು ಕಣ್ಣು ಮುಚ್ಚಲಿಲ್ಲ. ರೇಸಿಗೆ ಬೆನ್ನು ಹಾಕಿ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತೆ. ಸಿಂಚನ ಕಪ್ಪು ಎತ್ತಿಕೊಂಡು ಓಡಿ ಬಂದಳು.

"ನೋಡ್ದಾ ಅಜ್ಜಿ?"

"ಇಲ್ಲ ಕಣವ್ವ, ಕೇಳ್ದೆ."