ಕಮಲಾಕ್ಷರ ನಾನೂರು ಬಾಟಲಿ

ಮೆಲ್ಬರ್ನಿನ ಪಾಯಿಂಟ್ ಕುಕ್ ಬಡಾವಣೆಯ ಕಮಲಾಕ್ಷರು ಹುಟ್ಟಿದಾಗಿನಿಂದ ಒಂದು ಹನಿ ಬಿಯರ್ ಕುಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಯಾಕೆಂದರೆ 2007ರ ಹೊತ್ತಿಗೆ ಅವರ ಗ್ಯಾರೇಜಿನ ಲೆಕ್ಕದಲ್ಲಿ ನಾನೂರು ಬಿಯರ್ ಬಾಟಲಿಗಳಿದ್ದವು. ಕಾರು ಹೊರಗೆ ಬಿಸಿಲಲ್ಲಿ ಒಣಗುತ್ತಿತ್ತು.

ತಪ್ಪೆಲ್ಲ ಅವರ ಅಪ್ಪನದು. ಬೆಳ್ಮಣ್ ಪೇಟೆಯಲ್ಲಿ ಅಪ್ಪನಿಗೆ ಗೋಲಿ ಸೋಡಾದ ಅಂಗಡಿ. ಸೋಡಾ ಕುಡಿದವನು ಬಾಟಲಿ ಕೊಡದೆ ಬಸ್ ಹತ್ತಿದರೆ ಆ ಪುಣ್ಯಾತ್ಮ ಅಂಗಡಿ ಬಿಟ್ಟು ಬಸ್ಸಿನ ಹಿಂದೆ ಓಡುತ್ತಿದ್ದರು. "ಸೋಡಾ ನಾಳೆಯೂ ಮಾಡಬಹುದು ಮಗಾ, ಬಾಟಲಿ ಎಲ್ಲಿಂದ ತರುವುದು?" ಎಂದು ಏದುಸಿರು ಬಿಡುತ್ತಾ ವಾಪಸ್ ಬರುತ್ತಿದ್ದರು. ಕಮಲಾಕ್ಷರು ದಿನಾ ಐವತ್ತು ಬಾಟಲಿ ತೊಳೆದು ಶಾಲೆಗೆ ಹೋದವರು. ಆಮೇಲೆ ಬಿಎಸ್ಸಿ ಓದಿದರು, ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಮೆಲ್ಬರ್ನಿನ ಒಂದು ಬಿಸ್ಕತ್ತು ಫ್ಯಾಕ್ಟರಿಯ ಲ್ಯಾಬಿಗೆ ಸೇರಿದರು, ಮಾರ್ಟ್‌ಗೇಜ್ ಮಾಡಿ ಮನೆ ಕಟ್ಟಿಸಿದರು. ಎಲ್ಲ ಸರಿಯೇ ಇತ್ತು. ಆದರೆ ಮಂಗಳವಾರ ಬೆಳಿಗ್ಗೆ ರೀಸೈಕ್ಲಿಂಗ್ ಲಾರಿ ಬಂದು, ಬೀದಿಯವರ ಒಳ್ಳೊಳ್ಳೆ ಬಾಟಲಿಗಳು ಛಳಾರೆಂದು ಒಡೆಯುವ ಸದ್ದು ಕೇಳಿದರೆ ತಿಂದ ದೋಸೆ ಗಂಟಲಲ್ಲೇ ನಿಲ್ಲುತ್ತಿತ್ತು.

ಒಂದು ಸೋಮವಾರ ತಡೆಯಲಾರದೆ ಪಕ್ಕದ ಮನೆಯ ಮುದುಕನನ್ನು ಕೇಳಿ ಆರು ಬಾಟಲಿ ಎತ್ತಿಕೊಂಡು ಬಂದರು.

"ಇದು ಎಂತದು?" ಎಂದಳು ಹೆಂಡತಿ ಕುಸುಮಾವತಿ.

"ಬಾಟಲಿ."

"ಅದು ಕಣ್ಣಿಗೆ ಕಾಣ್ತದೆ. ಎಂತಕ್ಕೆ?"

ಎಂತಕ್ಕೆ ಎಂದು ಕಮಲಾಕ್ಷರಿಗೂ ಗೊತ್ತಿರಲಿಲ್ಲ. ಅವು ಮುಕ್ಕಾಲು ಲೀಟರಿನ, ಉದ್ದ ಕತ್ತಿನ, ಕಂದು ಗಾಜಿನ ಹಳೇ ಬಾಟಲಿಗಳು, ಓಪನರ್ ಹಾಕಿ ಮುಚ್ಚಳ ಎಬ್ಬಿಸುವಂಥವು. ಕೈಯಲ್ಲಿ ತಿರುಗಿಸಿ ತೆಗೆಯುವ ಹೊಸ ಬಾಟಲಿಗಳನ್ನು ಅವರು ಮೂಸಿಯೂ ನೋಡುತ್ತಿರಲಿಲ್ಲ. ಗಾಜು ತೆಳು, ಒಳಗೆ ಗ್ಯಾಸ್ ಏರಿದರೆ ಢಂ ಅನ್ನುವ ಜಾತಿ. ಹಳೇ ಬಾಟಲಿ ಸಿಗುವುದು ವರ್ಷವರ್ಷಕ್ಕೂ ಕಡಿಮೆಯಾಗುತ್ತಿತ್ತು, ಹಾಗಾಗಿ ಸಿಕ್ಕಿದ್ದನ್ನು ಬಿಡುವ ಪ್ರಶ್ನೆಯೇ ಇಲ್ಲ. ವಾಷಿಂಗ್ ಸೋಡಾದ ನೀರಲ್ಲಿ ನೆನೆಸಿ, ಲೇಬಲ್ ಕೆರೆದು, ಬ್ರಶ್ ಹಾಕಿ ತಿಕ್ಕಿ, ಬಿಸಿಲಿಗೆ ಹಿಡಿದು ತಳ ನೋಡುವರು. ಆಗ ಊರಿಗೆಲ್ಲ ಬರಗಾಲ, ನೀರಿಗೆ ಕಟ್ಟುನಿಟ್ಟು. ಬಾಟಲಿಗೆ ನೀರು ಉಳಿಸಲು ತಮ್ಮ ಸ್ನಾನವನ್ನು ಅರ್ಧ ಬಕೆಟ್ಟಿಗೆ ಇಳಿಸಿದರು. ಮಗಳು ಅಪೇಕ್ಷಾ ಮೂಗು ಮುಚ್ಚಿಕೊಂಡು, "ಡ್ಯಾಡ್, ದ ಬಾಟಲ್ಸ್ ಸ್ಮೆಲ್ ಬೆಟರ್ ದ್ಯಾನ್ ಯೂ" ಅಂದಳು.

ಬಾಟಲಿ ನೂರು ದಾಟಿದಾಗ ಇನ್ನೊಂದು ಸಂಕಟ. ಸೋಡಾದವರ ಮಗನಿಗೆ ಖಾಲಿ ಬಾಟಲಿ ನೋಡುತ್ತಾ ಕೂರಲು ಆಗುತ್ತದೆಯೇ? ತುಂಬಬೇಕು. ಬಿಯರ್ ಬಾಟಲಿಗೆ ಬಿಯರ್ ತುಂಬುವುದೇ ಮರ್ಯಾದೆ ಎಂದು ಅವರಿಗೆ ತೋರಿತು. ಪಕ್ಕದ ಮನೆಯ ಮುದುಕ ತನ್ನ ಹಳೇ ಪ್ಲಾಸ್ಟಿಕ್ ಡ್ರಮ್ಮು ಕೊಟ್ಟ, ಮಾಡುವ ಕ್ರಮವನ್ನೂ ಹೇಳಿದ. ಮಾಲ್ಟು, ಸಕ್ಕರೆ, ಯೀಸ್ಟು ಹಾಕಿದರೆ ಡ್ರಮ್ಮು ಎರಡು ವಾರ ಗುಳುಗುಳು ಅನ್ನುತ್ತದೆ. ಆಮೇಲೆ ಬಾಟಲಿಗೆ ತುಂಬಿ, ಚಿಟಿಕೆ ಸಕ್ಕರೆ ಹಾಕಿ, ಮುಚ್ಚಳ ಒತ್ತಿ ಒಂದು ತಿಂಗಳು ಇಡಬೇಕು. ಮೊದಲ ಬಾಟಲಿ ತೆರೆದಾಗ 'ಚುಸ್ಸ್' ಅಂದಿತು. ಥೇಟ್ ಅಪ್ಪನ ಅಂಗಡಿಯ ಸದ್ದು! ಕಮಲಾಕ್ಷರಿಗೆ ಕಣ್ಣಲ್ಲಿ ನೀರು ಬಂತು. ಅಷ್ಟೇ ಅವರ ಚಟ. ಒಳಗಿದ್ದ ಬಿಯರ್ ಏನು ಮಾಡುವುದೆಂದು ಅವರು ಯೋಚಿಸಿಯೇ ಇರಲಿಲ್ಲ.

ಅದಕ್ಕೆ ಜನರಿದ್ದರು. ಮೊದಲು ಬಂದವರು ಕನ್ನಡ ಸಂಘದ ಅಧ್ಯಕ್ಷರು, ದಾವಣಗೆರೆಯ ಗುರುಶಾಂತಪ್ಪ. ಏಣಿ ಕೇಳಲು ಬಂದವರು ಬಾಟಲಿ ಕಂಡು, "ವೇಸ್ಟ್ ಆಗಬಾರದಲ್ರೀ" ಎಂದು ಎಂಟು ಬಾಟಲಿ ಡಿಕ್ಕಿಯಲ್ಲಿಟ್ಟು ಮೇಲೆ ಬೀಚ್ ಟವೆಲ್ ಹೊದಿಸಿದರು. "ಬಿಯರ್ ವಿಷಯ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಉಷಾಗೆ ಗೊತ್ತಾದರೆ ನನ್ನ ಕಥಿ ಮುಗೀತು." ಕಮಲಾಕ್ಷರು ಮಾತು ಕೊಟ್ಟರು. ಆಮೇಲೆ ಕಾರ್ಯದರ್ಶಿ ಇಂದ್ರೇಶ್ ಬಂದ, ಅವನೂ ಮಾತು ತೆಗೆದುಕೊಂಡ. ಹೀಗೆ ಸಂಘದ ಒಂಬತ್ತು ಜನ, ಒಬ್ಬನಿಗೆ ಇನ್ನೊಬ್ಬನ ಸುದ್ದಿ ಗೊತ್ತಿಲ್ಲ. ಪ್ರತಿಯೊಬ್ಬನೂ ಗ್ಯಾರೇಜು ನೋಡಿ, ನಾನು ಒಯ್ಯುವುದು ಎಂಟೇ, ಉಳಿದದ್ದನ್ನೆಲ್ಲ ಈ ಮನುಷ್ಯ ಒಬ್ಬನೇ ಕುಡಿಯುತ್ತಾನಲ್ಲಪ್ಪಾ ಎಂದು ಒಳಗೊಳಗೇ ಮರುಗುತ್ತಿದ್ದ.

ಅಕ್ಟೋಬರಿನಲ್ಲಿ ಗುರುಶಾಂತಪ್ಪನವರ ಹೆಂಡತಿ ಉಷಾ ಚಕ್ಕುಲಿ ಒರಳು ಕೇಳಲು ಬಂದಳು. ಗ್ಯಾರೇಜಿನ ಬಾಗಿಲು ತೆರೆದಿತ್ತು. ಆಕೆ ಅಲ್ಲೇ ನಿಂತು ಎದೆ ಮೇಲೆ ಕೈ ಇಟ್ಟುಕೊಂಡಳು. ಒರಳು ಮರೆತು ನೇರ ಮನೆಗೆ ಹೋಗಿ, "ಕಮಲಾಕ್ಷಣ್ಣ ಹಾಳಾಗಿ ಹೋಗ್ಯಾರ. ಅಧ್ಯಕ್ಷರು ಅಂತ ಯಾಕೆ ಇದ್ದೀರಿ? ಬಿಡಿಸ್ರಿ!" ಅಂದಳು. ಗುರುಶಾಂತಪ್ಪ ಇಲ್ಲ ಎನ್ನಲು ಸಾಧ್ಯವೇ? ಭಾನುವಾರ ಮಧ್ಯಾಹ್ನ ಇಂದ್ರೇಶನನ್ನು ಕರೆದುಕೊಂಡು, ಗಂಟಲು ಸರಿಮಾಡಿಕೊಂಡು ಬಂದೇಬಿಟ್ಟರು. ಉಷಾ ಜೊತೆಯಲ್ಲೇ ಇದ್ದಳು.

"ನಾನು ಕುಡಿಯುವುದಿಲ್ಲ ಮಾರಾಯ್ರೆ," ಅಂದರು ಕಮಲಾಕ್ಷರು.

"ಕುಡಿಯೋರೆಲ್ಲ ಮೊದಲು ಹೇಳೋದೇ ಇದು," ಎಂದರು ಗುರುಶಾಂತಪ್ಪ, ನಿಜವಾಗಿಯೂ ದುಃಖದಿಂದ.

"ಸರ್, ಮೊದ್ಲು ಒಪ್ಕೊಳ್ಳಿ. ಅದೇ ಫಸ್ಟ್ ಸ್ಟೆಪ್," ಎಂದ ಇಂದ್ರೇಶ್.

ಕಮಲಾಕ್ಷರು ಹೆಂಡತಿಯ ಮುಖ ನೋಡಿದರು. ಸತ್ಯ ಗೊತ್ತಿದ್ದವಳು ಅವಳೊಬ್ಬಳೇ. ಕುಸುಮಾವತಿ ಕಿಟಕಿಯಿಂದ ಬಿಸಿಲಲ್ಲಿ ನಿಂತ ಕಾರನ್ನೊಮ್ಮೆ ನೋಡಿ, ಸೆರಗಿನಿಂದ ಒಣ ಕಣ್ಣು ಒರೆಸಿಕೊಂಡಳು. "ಹೇಗಾದರೂ ಬಿಡಿಸಿ, ನಿಮಗೆ ಪುಣ್ಯ ಉಂಟು," ಅಂದಳು. ಎಂಥ ಹೆಂಗಸು!

ತೀರ್ಮಾನವಾಯಿತು. ರಾಜ್ಯೋತ್ಸವದ ವೇದಿಕೆಯಲ್ಲಿ ಕಮಲಾಕ್ಷರಿಗೆ ಮದ್ಯ ತ್ಯಜಿಸಿದ್ದಕ್ಕೆ ಸನ್ಮಾನ. ಅದರ ಮಾರನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದವರೆಲ್ಲ ಬಂದು ಬಾಟಲಿಗಳನ್ನು ಒಂದೂ ಬಿಡದೆ ಒಡೆದುಹಾಕುವುದು. ಇಂದ್ರೇಶ್ ಅಲ್ಲೇ ಫೋನಿನಲ್ಲಿ ದೊಡ್ಡ ಕಸದ ಡಬ್ಬ ಬುಕ್ ಮಾಡಿದ.

ಮೂರು ವಾರ ಕಮಲಾಕ್ಷರಿಗೆ ಅನ್ನ ಸೇರಲಿಲ್ಲ. ಗ್ಯಾರೇಜಿಗೆ ಹೋಗಿ ಒಂದೊಂದೇ ಬಾಟಲಿ ಎತ್ತಿ ಒರೆಸಿ ಇಡುವರು. ಬಿಯರ್ ಒಯ್ದವರ ಹೆಸರು ಹೇಳಿ ಪಾರಾಗಬಹುದಿತ್ತು. ಆದರೆ ಬಿಯರ್ ವಿಷಯ ಹೇಳುವುದಿಲ್ಲವೆಂದು ಒಂಬತ್ತು ಜನರಿಗೆ ಮಾತು ಕೊಟ್ಟಾಗಿದೆ. ಮಾತಿಗೆ ತಪ್ಪುವ ಪೈಕಿ ಅಲ್ಲ ಅವರು.

ರಾಜ್ಯೋತ್ಸವದ ದಿನ ಬಾಡಿಗೆಯ ಹಾಲ್ ಭರ್ತಿ. ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಗುರುಶಾಂತಪ್ಪ ಕಮಲಾಕ್ಷರ ಪತನ ಮತ್ತು ಉದ್ಧಾರದ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಹೆಂಗಸರು ಅತ್ತರು. ಕುಡಿಯದವನು ಕುಡಿತ ಬಿಟ್ಟಿದ್ದಕ್ಕೆ ಇಷ್ಟು ದೊಡ್ಡ ಚಪ್ಪಾಳೆ ಬೇರೆಲ್ಲೂ ಬಿದ್ದಿರಲಾರದು. ಕೊನೆಗೆ ಮೈಕು ಕಮಲಾಕ್ಷರ ಕೈಗೆ ಬಂತು.

ಅವರಿಗೆ ಭಾಷಣ ಬಾರದು. ಪೇಟ ಕಣ್ಣಿನ ಮೇಲೆ ಜಾರುತ್ತಿತ್ತು. "ಭಾನುವಾರ ಬಾಟಲಿ ಒಡೆಯುತ್ತೀರಂತೆ. ಆಯ್ತು, ಒಡೆಯಿರಿ," ಎಂದರು. "ಒಂದೇ ಒಂದು ಕೇಳುತ್ತೇನೆ. ಒಟ್ಟು ನಾನೂರರಲ್ಲಿ ಅರವತ್ತೆರಡು ಗ್ಯಾರೇಜಿನಲ್ಲಿ ಇಲ್ಲ, ನಿಮ್ಮ ನಿಮ್ಮ ಮನೆಯಲ್ಲಿ ಉಂಟು. ಅವನ್ನೂ ತನ್ನಿ. ಒಡೆದು ಹೋಗುವ ಮೊದಲು ಎಲ್ಲವನ್ನೂ ಒಮ್ಮೆ ಒಟ್ಟಿಗೆ ನೋಡುತ್ತೇನೆ."

ಕಮಲಾಕ್ಷರ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಮಾತು ಕೊಟ್ಟದ್ದು ಬಿಯರ್ ಬಗ್ಗೆ, ಬಾಟಲಿ ಬಗ್ಗೆ ಅಲ್ಲವಲ್ಲ! ಯಾರೂ ಮರೆಯದಿರಲಿ ಎಂದು ಹೆಸರು ಓದಲು ಶುರುಮಾಡಿದರು. "ಅಧ್ಯಕ್ಷರ ಮನೆಯಲ್ಲಿ ಎಂಟು. ಕಾರ್ಯದರ್ಶಿಗಳಲ್ಲಿ ಏಳು, ಒಂದರ ಬಾಯಿ ಸ್ವಲ್ಪ ಮುಕ್ಕಾಗಿದೆ. ಖಜಾಂಚಿ ಶೇಖರಪ್ಪನವರಲ್ಲಿ..."

ಗುರುಶಾಂತಪ್ಪ ಹಾರಿ ಬಂದು ಮೈಕು ಕಿತ್ತುಕೊಂಡು, "ಈಗ ಎಲ್ಲರೂ ನಾಡಗೀತೆಗೆ ಎದ್ದು ನಿಲ್ಲಬೇಕು" ಎಂದು ಕೂಗಿದರು. ನಾಡಗೀತೆ ಶುರುವಿಗೇ ಆಗಿತ್ತು. ಆದರೂ ಎಲ್ಲರೂ ಎದ್ದರು. ಒಂಬತ್ತು ಜನ ಗಂಡಸರು ಮುಂದೆ ನೋಡುತ್ತಾ, ಹಿಂದೆಂದೂ ಹಾಡದಷ್ಟು ಜೋರಾಗಿ ಹಾಡಿದರು. ಅವರ ಒಂಬತ್ತು ಜನ ಹೆಂಡಿರು ಹಾಡಲಿಲ್ಲ, ಗಂಡಂದಿರನ್ನೇ ನೋಡುತ್ತಿದ್ದರು.

ಭಾನುವಾರ ಹತ್ತಕ್ಕೆ ಕಮಲಾಕ್ಷರು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಗ್ಯಾರೇಜಿನ ಮುಂದೆ ನಿಂತರು. ಹತ್ತೂವರೆ ಆಯಿತು, ಹನ್ನೊಂದಾಯಿತು. ಯಾರೂ ಬರಲಿಲ್ಲ, ಕಸದ ಡಬ್ಬವೂ ಬರಲಿಲ್ಲ. ಕುಸುಮಾವತಿ ಕಾರಿನ ಕೀ ಹಿಡಿದು ಕಾದು ಕಾದು ಸಿಟ್ಟಿನಿಂದ ಒಳಗೆ ಹೋದಳು.

ಹನ್ನೆರಡಕ್ಕೆ ಉಷಾಳ ಕಾರು ಬಂತು. ಒಬ್ಬಳೇ ಇದ್ದಳು. ಕೈಯಲ್ಲಿ ಭಾರದ ಚೀಲ. "ಎಂಟು ಅದಾವ, ಎಣಿಸಿಕೊಳ್ರಿ," ಅಂದಳು. "ನಾನು ಮುಂದ ನಿಂತು ಅವರ ಕೈಲೇ ಮೂರು ಸಲ ತಿಕ್ಕಿಸೀನಿ."

ಕಮಲಾಕ್ಷರು ಒಂದೊಂದೇ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ತಳದಲ್ಲಿ ಒಂದು ಕಣವೂ ಇಲ್ಲ. ಅವರ ಬಾಟಲಿ ಯಾರ ಮನೆಯಿಂದಲೂ ತೊಳೆದು ವಾಪಸ್ ಬಂದದ್ದು ಅದೇ ಮೊದಲು. ಎಂಟನ್ನೂ ಸಾಲಾಗಿ ಜೋಡಿಸಿಟ್ಟರು.

ಉಷಾ ಹೋಗಲಿಲ್ಲ. ಬೀದಿಯ ಆಚೀಚೆ ನೋಡಿದಳು. ಗ್ಯಾರೇಜಿನೊಳಗೆ ತುಂಬಿಟ್ಟಿದ್ದ ಸಾಲಿನತ್ತ ನೋಡಿದಳು.

"ಅಷ್ಟು ರುಚಿ ಇರೋದು ಏನೈತಿ ಅದರಾಗ, ಅಣ್ಣಾ? ಎರಡು ಕೊಡ್ರಿ, ನೋಡ್ತೀನಿ. ನಮ್ಮ ಮನೆಯವರ ಮುಂದ ಬಿಯರ್ ವಿಷಯ ಮಾತ್ರ ಹೇಳಬ್ಯಾಡ್ರಿ."

ಕಮಲಾಕ್ಷರು ಮಾತು ಕೊಟ್ಟರು. ಎರಡು ಬಾಟಲಿ ಡಿಕ್ಕಿಯಲ್ಲಿಟ್ಟು ಮೇಲೆ ಬೀಚ್ ಟವೆಲ್ ಹೊದಿಸಿದರು. ಕಾರು ಹೊರಟು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಅವರಿಗೆ ನೆನಪಾಗಿ, ಬಿಳಿ ಅಂಗಿಯಲ್ಲೇ ಅದರ ಹಿಂದೆ ಓಡಿದರು.

"ಉಷಕ್ಕಾ! ಬಾಟಲಿ ವಾಪಸ್ ತನ್ನಿ!"