ಅಜ್ಜಿ ಮನೆಯಲ್ಲಿದ್ದ ಮಕ್ಕಳು

ಆ ಅರ್ಜಿಯನ್ನು ನಾನು ಮೊದಲಿನಿಂದಲೂ ನಂಬಿರಲಿಲ್ಲ. ತೂಬಗೆರೆ ಹೋಬಳಿಯ ಒಂದು ಹಳ್ಳಿಯ ಮಹಿಳಾ ಸಮಾಜದಿಂದ ಬಂದದ್ದು. ಊರಿನಲ್ಲಿ ಹುಟ್ಟಿದ ಕೂಸುಗಳು ಹತ್ತು ದಿನ ತುಂಬುವ ಮೊದಲೇ ದವಡೆ ಕಚ್ಚಿಕೊಂಡು ಸಾಯುತ್ತಿವೆ, ಎರಡು ವರ್ಷಗಳಲ್ಲಿ ಒಂಬತ್ತು ಮನೆಗಳಲ್ಲಿ ಹೀಗಾಗಿದೆ, ಆಸ್ಪತ್ರೆಯಲ್ಲಿ ಕೆಲಸ ಕಲಿತ ಒಬ್ಬ ಸೂಲಗಿತ್ತಿಯನ್ನು ಊರಿನಲ್ಲಿ ಇರಿಸಿಕೊಳ್ಳಲು ನೆರವು ಬೇಕು ಎಂದು ಬರೆದಿದ್ದರು. ದುಂಡಗಿನ ಅಕ್ಷರ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಅಷ್ಟು ಒಪ್ಪವಾಗಿದ್ದದ್ದೇ ನನ್ನ ಅನುಮಾನಕ್ಕೆ ಕಾರಣವಾಯಿತು.

ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಆಗ ಬೆಂಗಳೂರಿನ ಒಂದು ಧರ್ಮನಿಧಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಬಟ್ಟೆ ವ್ಯಾಪಾರಿಯೊಬ್ಬರು ಸಾಯುವ ಮುಂಚೆ ಬರೆದಿಟ್ಟ ಆಸ್ತಿ ಅದು. ಹಳ್ಳಿಗಳಲ್ಲಿ ಸ್ವಂತವಾಗಿ ಸಂಘ ಕಟ್ಟಿಕೊಂಡವರಿಗೆ ದಾದಿ, ಔಷಧಿ, ಹೆರಿಗೆಯ ಕೋಣೆ ಇಂಥವಕ್ಕೆ ಅದರಿಂದ ಸಹಾಯ ಕೊಡುತ್ತಿದ್ದರು. ಅರ್ಜಿಯಲ್ಲಿ ಬರೆದದ್ದು ನಿಜವೇ ಎಂದು ಹೋಗಿ ನೋಡಿ ಬರುವುದು ನನ್ನ ಕೆಲಸ. ಕಾರ್ಯದರ್ಶಿಗಳು ಅಮಲ್ದಾರರಾಗಿದ್ದು ನಿವೃತ್ತರಾದವರು. ತಾಲ್ಲೂಕು ಕಚೇರಿಗಳವರು ಈಗಲೂ ಅವರ ಮೇಜಿನ ಮುಂದೆ ಬಂದು ಕೂತು ಕಾಫಿ ಕುಡಿದು ಹೋಗುತ್ತಿದ್ದರು.

"ಅರ್ಜಿ ಬರೆಯೋರೆಲ್ಲ ಚೆನ್ನಾಗಿಯೇ ಅಳ್ತಾರೆ ಕಣಮ್ಮ," ಎಂದರು ಅವರು. "ಈ ವರ್ಷ ಒಂದೇ ಊರಿಗೆ ಕೊಡೋದು. ಶಿವಗಂಗೆ ಕಡೆಯಿಂದ ಇನ್ನೊಂದು ಅರ್ಜಿ ಬಂದಿದೆ. ಇವರದ್ದು ಸುಳ್ಳಾದರೆ ಅವರಿಗೆ ಕೊಟ್ಟುಬಿಡೋಣ. ಮನೆಮನೆಗೆ ಹೋಗಿ ಕೇಳು. ಹೆಂಗಸರು ನನ್ನ ಹತ್ರ ಬಾಯಿ ಬಿಡಲ್ಲ, ನಿನ್ನ ಹತ್ರ ಬಿಡ್ತಾರೆ."

ದೊಡ್ಡಬಳ್ಳಾಪುರದವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಊರು ಮುಟ್ಟಿದಾಗ ಬಿಸಿಲೇರಿತ್ತು. ಸಮಾಜದ ಅಧ್ಯಕ್ಷೆ, ತೀರಿಹೋದ ಸ್ಕೂಲು ಮೇಷ್ಟ್ರ ಹೆಂಡತಿ, ಬಾಗಿಲಲ್ಲೇ ಕಾಯುತ್ತಿದ್ದರು. ಊರಿನವರೆಲ್ಲ ಅವರನ್ನು ಮೇಷ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಸಣ್ಣ ಆಕಾರ, ತುಂಬ ಚುರುಕು. ಸೂಲಗಿತ್ತಿಗೆಂದು ತಮ್ಮ ಮನೆಯ ಹಜಾರದ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದನ್ನು ತೋರಿಸಿದರು. ಗೋಡೆ ಇನ್ನೂ ಒದ್ದೆಯಾಗಿತ್ತು. ನಾನು ಬರುವುದು ತಿಳಿದ ಮೇಲೆ ಹೊಡೆಸಿದ್ದೆಂದು ಲೆಕ್ಕ ಹಾಕಿಕೊಂಡೆ.

"ಬನ್ನಿ, ಆ ಒಂಬತ್ತು ಮನೆಗೂ ನಾನೇ ಕರ್ಕೊಂಡು ಹೋಗ್ತೀನಿ," ಎಂದರು.

"ಬೇಡ, ಒಬ್ಬಳೇ ಹೋಗುತ್ತೇನೆ. ಮನೆಗಳ ಗುರುತು ಹೇಳಿದರೆ ಸಾಕು."

ಅವರ ಮುಖ ಸ್ವಲ್ಪ ಬಾಡಿತು. "ಒಬ್ಬರೇ ಹೋದ್ರೆ ಅವರು ನಿಮ್ಮ ಹತ್ರ ಮಾತಾಡಲ್ಲಮ್ಮ."

ನೀವು ಜೊತೆಗಿದ್ದರೆ ನೀವು ಹೇಳಿಕೊಟ್ಟದ್ದನ್ನೇ ಆಡುತ್ತಾರೆ ಎಂದು ನಾನು ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ತಿಳಿಯಿತೆಂದು ಕಾಣುತ್ತದೆ. ಮನೆಗಳ ಗುರುತುಗಳನ್ನು ಒಂದೊಂದಾಗಿ ಬರೆಸಿದರು.

ಜಗಲಿಯ ಮೇಲೆ ಕೂತಿದ್ದ ಮುದುಕನೊಬ್ಬ ನನ್ನ ಕೈಯಲ್ಲಿದ್ದ ಉದ್ದನೆಯ ಪುಸ್ತಕವನ್ನೇ ನೋಡಿ, "ಏನವ್ವ, ರಾಗಿಗೆ ಬಂದಿದ್ದೀಯಾ?" ಎಂದ. ಇಲ್ಲ ಎಂದೆ. "ಈಗ ಹೆಣ್ಮಕ್ಳನ್ನೂ ಕಳಿಸ್ತಾವ್ರೆ ನೋಡ್ಲಾ," ಎಂದು ಪಕ್ಕದವನಿಗೆ ಹೇಳಿದ. ನಾನು ಅದಕ್ಕೆ ಗಮನ ಕೊಡಲಿಲ್ಲ.

ಮೊದಲ ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದೆ. ಐದು ಎಂದಳು ಆ ಹೆಂಗಸು. ಅಂಗಳದಲ್ಲಿದ್ದದ್ದು ಮೂರು. ಉಳಿದವು?

"ಒಂದು ಹೊಲ್ದಲ್ಲೈತೆ. ಚಿಕ್ಕದು ಅಜ್ಜಿ ಮನೇಲೈತೆ."

"ತೀರಿಹೋದದ್ದು ಯಾವುದಾದರೂ?"

"ಬಿಡ್ತು ಅನ್ನು ತಾಯಿ! ದೀಪ ಹಚ್ಚೋ ಮನೇಲಿ ನಿಂತ್ಕೊಂಡು ಎಂಥ ಮಾತು! ನಿಂಗೆ ಮಕ್ಳೆಷ್ಟು?"

"ನನಗೆ ಮದುವೆಯಾಗಿಲ್ಲ."

"ಅದಕ್ಕೇ ಮತ್ತೆ," ಎಂದಳು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು.

ಎರಡನೆಯ ಮನೆಯಲ್ಲೂ ಯಾರೂ ಸತ್ತಿರಲಿಲ್ಲ. ಮೂರನೆಯದರಲ್ಲೂ ಇಲ್ಲ. ಎಲ್ಲ ಮನೆಗಳಲ್ಲೂ ಕೊನೆಯ ಮಗು ಅಜ್ಜಿ ಮನೆಯಲ್ಲಿತ್ತು. ಆ ಮಾತನ್ನು ಎಷ್ಟು ಸಲ ಬರೆದುಕೊಂಡೆನೋ, ಅಷ್ಟು ಸಲವೂ ಅದು ನನಗೆ ವಿಚಿತ್ರವೆನಿಸಬೇಕಾಗಿತ್ತು. ನನ್ನ ಕಣ್ಣಿದ್ದದ್ದು ಮೇಷ್ಟ್ರಮ್ಮನ ಮೇಲೆ. ಇವರು ಸತ್ತವೆಂದು ಬರೆದ ಮಕ್ಕಳೆಲ್ಲ ಬದುಕಿದ್ದಾರಲ್ಲ, ಎಂಥ ಧೈರ್ಯ ಈಕೆಗೆ ಎಂದುಕೊಳ್ಳುತ್ತಿದ್ದೆ.

ಎಂಟನೆಯ ಮನೆ ಕೆರೆಯ ಏರಿಯ ಕೆಳಗಿತ್ತು. ಅಲ್ಲಿದ್ದವಳು ನನ್ನ ವಯಸ್ಸಿನವಳು. ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನಾಲ್ಕು ಮಕ್ಕಳು ಎಂದಳು. ಎರಡು ಅವಳ ಬೆನ್ನಿಗೆ ಅಂಟಿಕೊಂಡಿದ್ದವು. ಮಿಕ್ಕ ಎರಡೂ ಅಜ್ಜಿ ಮನೆಯಲ್ಲಿದ್ದವು. ಅವಳ ಸೀರೆಯ ಸೆರಗು ಎದೆಯ ಮೇಲೆ ಎರಡು ಕಡೆ ಒದ್ದೆಯಾಗಿತ್ತು. ನೀರು ಹೊತ್ತು ತಂದಿರಬೇಕು ಎಂದುಕೊಂಡೆ. ನಾನು ನೋಡುತ್ತಿದ್ದುದನ್ನು ಕಂಡು ಅವಳು ಸೆರಗನ್ನು ಇನ್ನೊಂದು ಸುತ್ತು ಎಳೆದುಕೊಂಡಳು.

ಒಂಬತ್ತನ್ನೂ ಮುಗಿಸಿ ಪಟೇಲರ ಮನೆಗೆ ಹೋಗಿ ಜನನ ಮರಣದ ಪುಸ್ತಕ ಕೇಳಿದೆ. ಜನನಗಳೆಲ್ಲ ಹುಟ್ಟಿದ ದಿನವೇ ದಾಖಲಾಗಿದ್ದವು. ಮರಣದ ಪುಟಗಳಲ್ಲಿ ಎರಡು ವರ್ಷಕ್ಕೂ ಸೇರಿ ಒಬ್ಬ ಮುದುಕಿ, ಹಾವು ಕಚ್ಚಿ ಸತ್ತ ಒಬ್ಬ ಗಂಡಸು. ಕೂಸು ಒಂದೂ ಇಲ್ಲ. ಪಟೇಲರು ಪುಸ್ತಕವನ್ನು ಬೇಗ ಮುಚ್ಚಿಟ್ಟರು. ನನಗೆ ಬೇಕಾದ್ದು ಸಿಕ್ಕಿತ್ತು.

ಮೇಷ್ಟ್ರಮ್ಮ ಊಟಕ್ಕೆ ಎಲೆ ಹಾಕಿದ್ದರು. ನಾನು ಕೂರಲಿಲ್ಲ. "ನೀವು ಬರೆದ ಯಾವ ಮನೆಯಲ್ಲೂ ಮಗು ಸತ್ತಿಲ್ಲ. ಪಟೇಲರ ಪುಸ್ತಕವೂ ಅದನ್ನೇ ಹೇಳುತ್ತದೆ. ನಾನು ಹಾಗೆಯೇ ವರದಿ ಕೊಡಬೇಕಾಗುತ್ತದೆ," ಎಂದೆ.

ಅವರು ನೀರಿನ ಚೊಂಬು ಹಿಡಿದುಕೊಂಡೇ ನಿಂತರು. "ನಿಮ್ಮ ಈ ಉದ್ದನೆ ಪುಸ್ತಕ ಕೈಯಲ್ಲಿ ಹಿಡ್ಕೊಂಡೇ ಮನೆಮನೆಗೆ ಕೇಳಿದ್ರಾ?"

"ಹೌದು."

"ಅಯ್ಯೋ ನನ್ನ ತಾಯಿ," ಎಂದು ಚೊಂಬನ್ನು ಕೆಳಗಿಟ್ಟು ಕೂತರು. "ಲೆವಿಯವರು ಅಂದ್ಕೊಂಡ್ಬಿಟ್ಟಿದ್ದಾರೆ. ಯುದ್ಧ ಶುರುವಾದ ಮೇಲೆ ಬೆಳೆದ ರಾಗೀಲಿ ತಲೆಗಿಷ್ಟು ಅಂತ ಮನೆಗೆ ಬಿಟ್ಟು ಮಿಕ್ಕಿದ್ದು ಸರ್ಕಾರಕ್ಕೆ ಅಳ್ಕೊಂಡು ಹೋಗ್ತಾರಲ್ಲ. ಮಕ್ಕಳಿಗೆ ಅರ್ಧ ತಲೆ. ಕೂಸು ಹುಟ್ಟಿದ ದಿನವೇ ಓಡಿ ಹೋಗಿ ಬರೆಸ್ತಾರೆ. ಸತ್ತ ಮೇಲೆ ಯಾರು ಬರೆಸ್ತಾರೆ? ಪಟೇಲರಿಗೂ ಗೊತ್ತು. ಅವರ ಮನೇಲೂ ಹಾಗೆ ಸತ್ತೂ ಲೆಕ್ಕದಲ್ಲಿರೋ ಕೂಸು ಒಂದಿದೆ."

ಈ ಉತ್ತರ ಬಹಳ ಸಲೀಸಾಗಿ ಬಂತು ಎನಿಸಿತು. ಇಷ್ಟು ಚೆನ್ನಾಗಿ ಅರ್ಜಿ ಬರೆದವರು ಇಷ್ಟು ಚೆನ್ನಾಗಿ ಕಾರಣವನ್ನೂ ಕೊಡಬಲ್ಲರು. "ಇದಕ್ಕೆ ಗುರುತೇನು?" ಎಂದೆ.

"ಎಳೆಗೂಸಿಗೆ ಕಲ್ಲು ನೆಡಲ್ಲಮ್ಮ. ಗುಂಡಿ ತೋಡಿ ಮುಳ್ಳು ಹಾಕಿ ಬರ್ತಾರೆ. ಮಳೆ ಬಂದ್ರೆ ಅದೂ ಗೊತ್ತಾಗಲ್ಲ."

ಆಗ, ಮಾತು ಮುಂದುವರಿಸಲೆಂದಷ್ಟೇ, ಏರಿಯ ಕೆಳಗಿನ ಮನೆಯವಳ ಸೆರಗು ಒದ್ದೆಯಾಗಿದ್ದುದನ್ನು ಹೇಳಿದೆ. ಹೊರಗೆ ಓಡಾಡಿ ನೀರು ಹೊರುವವಳು ಬಾಣಂತಿಯಂತೂ ಅಲ್ಲ ಎಂದೂ ಸೇರಿಸಿದೆ.

ಮೇಷ್ಟ್ರಮ್ಮ ನನ್ನನ್ನು ನೋಡಿದರು. ಅವರು ಆಗ ನಕ್ಕಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. "ಅದು ಎದೆ ಹಾಲು," ಎಂದರು ಮೆಲ್ಲಗೆ. "ಕೂಸು ಹೋಗಿ ಹದಿನೈದು ದಿನ. ಹಾಲು ಇಂಗಲಿ ಅಂತ ನಾನೇ ಮಲ್ಲಿಗೆ ಹೂವು ಕಟ್ಟಿದ್ದೀನಿ. ಇನ್ನೂ ನಿಂತಿಲ್ಲ."

ಊಟಕ್ಕೆ ಕೂತೆ. ಏನು ತಿಂದೆನೋ ನೆನಪಿಲ್ಲ. ಈಗ ದಾರಿಗಳು ಎರಡೇ ಇದ್ದವು. ಇದನ್ನೆಲ್ಲ ಬರೆದರೆ ಒಂಬತ್ತು ಮನೆಗಳ ರಾಗಿಗೂ ಕುತ್ತು. ಬರೆಯದಿದ್ದರೆ ಸೂಲಗಿತ್ತಿ ಶಿವಗಂಗೆಯ ಕಡೆಗೆ ಹೋಗುತ್ತಾಳೆ, ಇಲ್ಲಿ ಇನ್ನೊಂದು ಕೂಸಿನ ದವಡೆ ಕಚ್ಚಿಕೊಳ್ಳುತ್ತದೆ. ಮೇಷ್ಟ್ರಮ್ಮ ಎರಡು ಸಲ ಸಾರು ಬಡಿಸಿದರು, ಅಷ್ಟೆ.

ಗಾಡಿ ಹೂಡುವ ಹೊತ್ತಿಗೆ ಏರಿಯ ಕೆಳಗಿನ ಮನೆಯ ಆ ಹೆಂಗಸೇ ಬಂದಳು. ಹಿತ್ತಿಲ ಬಾಗಿಲಿನಿಂದ ಬಂದು ಗೋಡೆಗೆ ಒರಗಿ ನಿಂತಳು.

"ನಮ್ಮನೇದು ಬರ್ಕೊಳವ್ವ. ಎರಡೂ ಬರ್ಕೊ. ಅಜ್ಜಿ ಮನೇಲಿ ಯಾವ್ದೂ ಇಲ್ಲ. ನಮ್ಮವ್ವ ಸತ್ತು ಆರು ವರ್ಷ ಆಯ್ತು."

"ನಿಮ್ಮ ಯಜಮಾನರು ಒಪ್ಪುತ್ತಾರಾ?"

"ಅವ್ರು ಸಂತೆಗೆ ಹೋಗವ್ರೆ. ಬಂದ್ಮೇಲೆ ಬೈತಾರೆ. ಬೈಯ್ಲಿ ಬುಡು. ಎರಡು ಅರ್ಧ ಸೇರಿದ್ರೆ ಒಂದು ತಲೆ ರಾಗಿ, ನಾನೇ ಒಂದು ಹೊತ್ತು ಉಂಡ್ರಾಯ್ತು." ಉಸಿರು ತೆಗೆದುಕೊಂಡು ಹೇಳಿದಳು: "ನಮ್ಮೂರ ಸೂಲಗಿತ್ತಿ ಅಜ್ಜಮ್ಮ ಒಳ್ಳೇವ್ಳೇ ಕಣವ್ವ, ಊರಿಗೆಲ್ಲ ಹೆರಿಗೆ ಮಾಡ್ಸವ್ಳೆ. ಆದ್ರೆ ಹುಲ್ಲು ಕುಯ್ಯೋ ಕುಡುಗೋಲಲ್ಲೇ ಹೊಕ್ಕುಳು ಕುಯ್ಯೋದು, ಒಲೆ ಬೂದಿನೇ ಮೆತ್ತೋದು. ಎರಡು ಉಳ್ಕಂಡ್ವು, ಎರಡು ಹೋದ್ವು. ಇನ್ನೊಂದ್ಸಲ ನಂಗೆ ಆ ಕುಡುಗೋಲು ಬ್ಯಾಡ."

ಅವಳು ಹೋದ ಮೇಲೆ ನಾನು ಮೇಷ್ಟ್ರಮ್ಮನನ್ನು ಕೇಳಿಯೇ ಬಿಟ್ಟೆ: "ನೀವು ಹೇಳಿ ಕಳಿಸಿದ್ದಾ?"

"ಇಷ್ಟೊತ್ತೂ ನಾನು ನಿಮ್ಮ ಮುಂದೇನೇ ಇದ್ನಲ್ಲಮ್ಮ," ಎಂದರು. ಅದು ನಿಜ. ಆದರೆ ಉಪ್ಪಿನಕಾಯಿ ತರಲೆಂದು ಒಮ್ಮೆ ಹಿತ್ತಿಲಿಗೆ ಹೋಗಿ ಸ್ವಲ್ಪ ತಡವಾಗಿ ಬಂದದ್ದನ್ನು ನಾನು ಗಮನಿಸಿದ್ದೆ. ಹೇಳಿ ಕಳಿಸಿದರೋ ಇಲ್ಲವೋ ಈಗಲೂ ನನಗೆ ಗೊತ್ತಿಲ್ಲ.

ವರದಿಯಲ್ಲಿ ಕುಡುಗೋಲು, ಬೂದಿ, ಸುಣ್ಣ ಹೊಡೆದ ಕೋಣೆ ಎಲ್ಲವನ್ನೂ ಬರೆದೆ. ಒಂದು ಮನೆಯಲ್ಲಿ ಎರಡು ಸಾವು ಎಂದು ಬರೆದು ಯಜಮಾನನ ಹೆಸರನ್ನೂ ಸೇರಿಸಿದೆ. ಯಾರ ಮನೆಯೆಂದು ಹೇಳದ ಸಾವು ವರದಿಯೆನಿಸಿಕೊಳ್ಳುವುದಿಲ್ಲ ಎಂಬುದು ನನ್ನ ಅಂದಿನ ತಿಳಿವಳಿಕೆ. ಬರ್ಕೊ ಎಂದು ಅವಳೇ ಹೇಳಿದ್ದಳಲ್ಲ ಎಂಬುದೊಂದು ಸಮಾಧಾನ. ಉಳಿದ ಎಂಟು ಮನೆಗಳ ಬಗ್ಗೆ, ಮಾಹಿತಿ ದೊರೆಯಲಿಲ್ಲ ಎಂದಷ್ಟೇ ಬರೆದೆ.

ಕಾರ್ಯದರ್ಶಿಗಳು ಓದಿ ಕನ್ನಡಕ ತೆಗೆದರು. "ಯಾಕೆ ದೊರೆಯಲಿಲ್ಲ?"

"ಹೇಳಲಿಲ್ಲ ಸಾರ್."

"ಹೂಂ. ನಾನೂ ತಾಲ್ಲೂಕು ಆಳಿದವನೇ ಕಣಮ್ಮ," ಎಂದು ನಕ್ಕರು. ಆ ನಗೆ ನನಗೆ ಇಷ್ಟವಾಗಲಿಲ್ಲ. ಆದರೂ ಒಂದು ವರ್ಷದ ಮಟ್ಟಿಗೆ ಸೂಲಗಿತ್ತಿಯ ಖರ್ಚನ್ನು ಕೊಡುವುದೆಂದು ಅಲ್ಲೇ ಸಹಿ ಹಾಕಿದರು.

ಸುಗ್ಗಿ ಕಳೆದ ಮೇಲೆ ಮೇಷ್ಟ್ರಮ್ಮನ ಕಾಗದ ಬಂತು. ಸೂಲಗಿತ್ತಿ ಬಂದು ಸೇರಿದ್ದಾಳೆ, ಕತ್ತರಿಯನ್ನು ಕುದಿಸುತ್ತಾಳೆ, ಇದುವರೆಗೆ ಮೂರು ಹೆರಿಗೆ, ಮೂರು ಕೂಸುಗಳೂ ಹಾಲು ಕುಡಿಯುತ್ತಿವೆ. ಆಮೇಲೆ ಸ್ವಲ್ಪ ಜಾಗ ಬಿಟ್ಟು ಬರೆದಿದ್ದರು: ಲೆವಿಗೆ ಬಂದ ಶೇಕ್‌ದಾರರು ಊರಿಗೆಲ್ಲ ಹಳೆಯ ಪಟ್ಟಿಯನ್ನೇ ಇಟ್ಟುಕೊಂಡು, ಏರಿಯ ಕೆಳಗಿನ ಮನೆಯಲ್ಲಿ ಮಾತ್ರ ಎರಡು ಮಕ್ಕಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ನಾನೇ ಚಾಡಿ ಹೇಳಿದೆನೆಂದು ಅವಳ ಗಂಡ ನಮ್ಮ ಮನೆಯ ಮುಂದೆ ನಿಂತು ಕೂಗಾಡಿದ. ಹೆಂಗಸರು ಸಮಾಜಕ್ಕೆ ಬರುವುದನ್ನು ಕಡಿಮೆ ಮಾಡಿದ್ದಾರೆ. ಬಸುರಿಯರು ಸೂಲಗಿತ್ತಿಯ ಹತ್ತಿರ ಬರಲೂ ಅಂಜುತ್ತಾರೆ. ಶೇಕ್‌ದಾರರಿಗೆ ಯಾರು ಹೇಳಿದರೋ ತಿಳಿಯದು.

ಕಾಗದವನ್ನು ಹಿಡಿದುಕೊಂಡು ಒಳಗೆ ಹೋದೆ. ವರದಿಯನ್ನು ಯಾರಿಗಾದರೂ ತೋರಿಸಿದಿರಾ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. ಅವರು ಮೇಜಿನ ಮೇಲಿದ್ದ ಕಡತಗಳ ಕಡೆಗೆ ಕೈ ಬೀಸಿದರು. "ಇಲ್ಲೇ ಇರುತ್ತೆ. ಬಂದೋರು ನಾಲ್ಕು ಜನ ನೋಡ್ತಾರೆ. ಅದರಲ್ಲಿ ಗುಟ್ಟೇನಿತ್ತು?"

ಗುಟ್ಟೆಂದು ನಾನು ಎಲ್ಲೂ ಬರೆದಿರಲಿಲ್ಲ. ಹೆಸರನ್ನಂತೂ ಬರೆದಿದ್ದೆ.

ಅಂದೇ ಮೇಷ್ಟ್ರಮ್ಮನಿಗೆ ಉತ್ತರ ಬರೆದೆ. ಮನೆಯ ಯಜಮಾನನ ಹೆಸರನ್ನು ವರದಿಯಲ್ಲಿ ಬರೆದವಳು ನಾನು, ಅದು ನಿಮಗೆ ಗೊತ್ತಿರಲಿಲ್ಲ, ಈ ಕಾಗದವನ್ನು ಆತನಿಗೂ ಸಮಾಜದ ಹೆಂಗಸರಿಗೂ ಗಟ್ಟಿಯಾಗಿ ಓದಿ ಹೇಳಿ ಎಂದು. ನಾಲ್ಕು ಸಾಲು. ಹರಿದು ಮತ್ತೆ ಬರೆಯಲಿಲ್ಲ, ಬರೆದರೆ ನನ್ನ ಸಮರ್ಥನೆಯೂ ಸೇರಿಕೊಳ್ಳುತ್ತದೆ ಎಂದು ಹೆದರಿದೆ.

ಅದಕ್ಕೆ ಉತ್ತರ ಬರಲಿಲ್ಲ. ಓದಿ ಹೇಳಿದರೋ ಇಲ್ಲವೋ ತಿಳಿಯದು. ಸೂಲಗಿತ್ತಿಯ ತಿಂಗಳ ವರದಿ ಮಾತ್ರ ತಪ್ಪದೆ ಬರುತ್ತಿದೆ, ಹೆರಿಗೆಗಳು ಒಂದೆರಡು ತಿಂಗಳು ನಿಂತೇಹೋಗಿದ್ದು ಈಗ ಮತ್ತೆ ಏರುತ್ತಿವೆ. ಮೊದಮೊದಲು ಪ್ರತಿ ಹೆರಿಗೆಯ ಮುಂದೆ ಮನೆಯ ಗುರುತು ಇರುತ್ತಿತ್ತು. ಈಗ ಗಂಡು, ಹೆಣ್ಣು, ಕ್ಷೇಮ ಎಂದಷ್ಟೇ ಇರುತ್ತದೆ. ಯಾರ ಮನೆ ಎಂದು ಬರೆದಿಲ್ಲವಲ್ಲ ಎಂದು ಕಾರ್ಯದರ್ಶಿಗಳು ಮೊನ್ನೆ ಕೇಳಿದರು. ಬೇಕಿಲ್ಲ ಸಾರ್, ಆ ಮನೆಗಳನ್ನು ನಾನೇ ಹೋಗಿ ನೋಡಿದ್ದೇನೆ ಎಂದೆ. ನೋಡಿರಲಿಲ್ಲ. ಆ ಊರಿಗೆ ನಾನು ಮತ್ತೆ ಹೋಗಿಲ್ಲ.