ಒಂದು ಗೇಣು ಹುಲ್ಲು

ನನ್ನ ವಾರಗಿತ್ತಿಯನ್ನು, ಗಂಡನ ಅಣ್ಣನ ಹೆಂಡತಿಯನ್ನು, ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳೆಂದು ತಪ್ಪು ತಿಳಿಯುವುದು ಬೇಡ. ಅವಳು ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ಕೊರಳಲ್ಲಿ ಹಗಲೆಲ್ಲ ಅಳತೆಯ ಟೇಪು ನೇತಾಡುತ್ತಿರುತ್ತದೆ. ಹಾಗಾಗಿ ನಾನಿಟ್ಟ ಹೆಸರು ಟೇಪಕ್ಕ.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಮನೆ ಹಂಚಿಕೊಂಡರು. ಬಾಗಿಲಿಂದ ಗೇಟಿನವರೆಗಿನ ಅಂಗಳವನ್ನು ಅಳೆದವಳು ಅವಳೇ, ಅದೇ ಟೇಪಿನಿಂದ. ನೆಲಮಟ್ಟಕ್ಕೆ ಒಂದು ಸಾಲು ಇಟ್ಟಿಗೆ ಹೂತು ಗಡಿ ಮಾಡಿದರು. ಗಡಿ ಒಂದು ಗೇಣು ನಮ್ಮ ಕಡೆಗೆ ಜರುಗಿದೆ ಎಂದು ನಾನು ಅವತ್ತೇ ಹೇಳಿದೆ. ಅಂಗಿಯ ಅಳತೆಯಲ್ಲಿ ನೂಲಿನಷ್ಟು ತಪ್ಪದವಳು ನಾನು ಎಂದು ಅವಳು ಕಡ್ಡಿ ತುಂಡು ಮಾಡಿದ ಹಾಗೆ ಅಂದಳು. ಒಂದು ಗೇಣಿಗಾಗಿ ಮನೆ ಮಾನ ಬೀದಿಗೆ ಹಾಕಬೇಡ ಎಂದು ನನ್ನ ಗಂಡ ನನ್ನ ಬಾಯನ್ನೇ ಮುಚ್ಚಿಸಿದರು. ಎರಡು ಜಡೆ ಸೇರುವುದಿಲ್ಲ ಎನ್ನುತ್ತಾರಲ್ಲ, ನಮ್ಮವು ಹನ್ನೊಂದು ವರ್ಷ ಸೇರಲಿಲ್ಲ. ಒಂದು ಮಾತೂ ಇಲ್ಲ.

ಮಾತಿಲ್ಲದಿದ್ದರೇನು, ಹುಲ್ಲಿನಲ್ಲಿ ಪೈಪೋಟಿ ನಡೆಯಿತು. ನಮ್ಮದು ಜೇಡಿಮಣ್ಣು. ಮಳೆಯಲ್ಲಿ ಕಾಲು ಬಿಡದು, ಬೇಸಿಗೆಯಲ್ಲಿ ಹಾರೆಗೂ ಬಗ್ಗದು. ಅವಳು ರಸ್ತೆಬದಿಯ ಗರಿಕೆಯನ್ನು ಗೆಣ್ಣು ಸಮೇತ ಕಿತ್ತು ತಂದು ನೆಟ್ಟಳು. ದನ ಮೇಯುವ ಹುಲ್ಲು ಎಂದು ನಾನು ಮನಸಾರೆ ನಕ್ಕೆ. ನಾನು ನರ್ಸರಿಯಿಂದ ಚಾಪೆಯಂತೆ ಸುತ್ತಿದ ನಯವಾದ ಹುಲ್ಲು ತರಿಸಿ, ಮಣ್ಣನ್ನು ಒಂದು ಸಲವೂ ಅಗೆಸದೆ ಮೇಲೆಯೇ ಹಾಸಿಸಿದೆ. ದಿನಾ ಸಂಜೆ ಪೈಪು ಹಿಡಿದು ಚಿಮುಕಿಸಿದೆ. ವಾರವಾರ ಬುಡಮಟ್ಟ ಕತ್ತರಿಸಿದೆ.

ಟೇಪಕ್ಕ ಮಳೆಗೆ ಮುಂಚೆ ಕಬ್ಬಿಣದ ಸಲಾಕೆಯಿಂದ ನೆಲದ ತುಂಬ ತೂತು ಹೊಡೆದು, ಮರಳನ್ನೂ ಜರಡಿ ಹಿಡಿದ ಗೊಬ್ಬರವನ್ನೂ ಬೆರೆಸಿ ಪೊರಕೆಯಲ್ಲಿ ಗುಡಿಸಿ ತುಂಬುತ್ತಿದ್ದಳು. ಬೇಸಿಗೆಯಲ್ಲಿ ಆರು ದಿನಕ್ಕೊಮ್ಮೆ ಮಾತ್ರ ನೀರು, ಅದೂ ಬೆಳಗ್ಗೆ. ಮುರಿದ ಕೊಡೆಯ ಕಡ್ಡಿ ಚುಚ್ಚಿ ನೀರು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುವಳು. ಹುಲ್ಲನ್ನು ಮೂರು ಬೆರಳಿಗಿಂತ ಗಿಡ್ಡ ಕತ್ತರಿಸುತ್ತಿರಲಿಲ್ಲ. ಹುಲ್ಲಿಗೂ ಟೇಪು ಹಿಡಿಯುವ ಹೆಂಗಸು! ಒಮ್ಮೆ ಬಟ್ಟೆ ಕೊಡಲು ಬಂದವರಿಗೆ, ನನಗೆ ಕೇಳಲೆಂದೇ, ಗಟ್ಟಿಯಾಗಿ ಹೇಳಿದಳು: "ಬೇರಿಗೆ ಸ್ವಲ್ಪ ಬಾಯಾರಿಕೆ ಆಗ್ಬೇಕು. ದಿನಾ ಬಾಯಿಗೇ ಹುಯ್ದರೆ ಅದು ಯಾಕೆ ಕೆಳಗಿಳಿಯುತ್ತೆ?" ನಾನು ಸೊಪ್ಪು ಹಾಕಲಿಲ್ಲ. ಹಟಕ್ಕೆ ಬಿದ್ದು ಬೆಳಗ್ಗೆಯೂ ಚಿಮುಕಿಸಿದೆ.

ಎರಡನೆಯ ಬೇಸಿಗೆಗೆ ನನ್ನ ಹುಲ್ಲು ಒಣಗಿತು. ಎತ್ತಿದರೆ ಚಾಪೆಯಂತೆಯೇ ಎದ್ದು ಬಂತು, ಬೇರು ಒಂದಂಗುಲವೂ ಇಳಿದಿರಲಿಲ್ಲ. ಅಂದಿನಿಂದ ನಮ್ಮ ಪಾಲು ಬಿರುಕು ಬಿಟ್ಟ ಬೋಳು ನೆಲ. ಪಕ್ಕದ ಗರಿಕೆ ಮಾತ್ರ ಕಡುಬಿಸಿಲಲ್ಲೂ ಹಸಿರು. ಹೊಟ್ಟೆ ಉರಿಯುತ್ತಿತ್ತು ಎಂದು ಬೇರೆ ಹೇಳಬೇಕೇ?

ಈ ವರ್ಷ ನನ್ನ ಗಂಡನಿಗೆ ಲಕ್ವ ಹೊಡೆಯಿತು. ಎಡಗಾಲು ಎಳೆಯತೊಡಗಿತು. ಒಳಗೆ ನುಣುಪು ಟೈಲ್ಸಿನ ಮೇಲೆ ಒಮ್ಮೆ ಜಾರಿದ್ದೇ ಭಯ ಹೊಕ್ಕಿತು. ಮೂರು ತಿಂಗಳೊಳಗೆ ನಡೆಸದಿದ್ದರೆ ಜೀವಮಾನವಿಡೀ ಕುರ್ಚಿಯೇ ಗತಿ, ಹುಲ್ಲಿನ ಮೇಲೆ ನಡೆಸಿ ಎಂದು ವ್ಯಾಯಾಮ ಮಾಡಿಸುವವರು ಹೇಳಿಹೋದರು. ನನ್ನ ಹತ್ತಿರ ಹುಲ್ಲೆಲ್ಲಿದೆ? ಬೋಳು ನೆಲದಲ್ಲೇ ನಡೆಸಿದೆ. ನಾಲ್ಕನೆಯ ಹೆಜ್ಜೆಗೆ ಎಳೆಯುತ್ತಿದ್ದ ಪಾದದ ಬೆರಳು ಬಿರುಕಿಗೆ ಸಿಕ್ಕಿ, ಅವರು ಮುಖ ಅಡಿಯಾಗಿ ಬಿದ್ದರು. ಪಕ್ಕದ ಮನೆಯ ಕಿಟಕಿಯಲ್ಲಿ ಹೊಲಿಗೆ ಯಂತ್ರದ ಹಿಂದಿನಿಂದ ಟೇಪಕ್ಕ ನೋಡುತ್ತಿದ್ದಳು. ನಾನಿನ್ನು ನಡೆಯುವುದಿಲ್ಲ ಎಂದರು ನನ್ನ ಗಂಡ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಅವಳ ಬಾಗಿಲಿಗೆ ಹೋಗಿ ಕೇಳುವುದಕ್ಕೆ ಕಾಲು ಬರಲಿಲ್ಲ.

ಮರುದಿನ ಬೆಳಗ್ಗೆ ಹಾರೆಯ ಸದ್ದು. ಅವಳು ಇಟ್ಟಿಗೆಗಳನ್ನು ಒಂದೊಂದಾಗಿ ಎಬ್ಬಿಸಿ, ತನ್ನ ಕಡೆಗೆ ಸರಿಸಿ, ಟೇಪು ಹಿಡಿದು ಮತ್ತೆ ಹೂಳುತ್ತಿದ್ದಳು. ನಾನು ಹೊರಗೆ ಬಂದಾಗ ತಲೆ ಎತ್ತಲಿಲ್ಲ.

"ಈ ಗೇಣು ನಿಮ್ಮದೇ," ಅಂದಳು. "ಅವತ್ತು ಗೊತ್ತಿದ್ದೇ ಎಳೆದೆ."

ಹನ್ನೊಂದು ವರ್ಷ ನನ್ನನ್ನು ಜಗಳಗಂಟಿ ಮಾಡಿ ಈಗ ಇಷ್ಟು ಸಲೀಸಾಗಿ ಹೇಳುತ್ತಾಳೆ. ಹಾರೆ ಕಿತ್ತುಕೊಂಡು ಒಂದು ಬಾರಿಸಬೇಕು ಅನ್ನಿಸಿತು. ಕೊಟ್ಟದ್ದಾದರೂ ಎಷ್ಟು? ಸರಿಯಾಗಿ ಒಂದು ಗೇಣು ಗರಿಕೆ, ಒಂದು ಬೆರಳೂ ಹೆಚ್ಚಿಲ್ಲ. ಕೊನೆಯ ಇಟ್ಟಿಗೆ ಹೂತು ಅವಳು ಒಳಗೆ ಹೋಗಿ ಯಂತ್ರದ ಮುಂದೆ ಕೂತಳು.

ಒಂದು ಗೇಣಿನಲ್ಲಿ ಒಂದು ಪಾದ ಹಿಡಿಯುತ್ತದೆ. ಗಂಡನನ್ನು ಗದರಿಸಿ ಎಬ್ಬಿಸಿದೆ. ಗೇಟಿನ ಕಡೆಗೆ ಹೋಗುವಾಗ ಎಡಗಾಲು ಗರಿಕೆಯ ಮೇಲೆ, ಗಟ್ಟಿ ಕಾಲು ನಮ್ಮ ಬೋಳು ನೆಲದ ಮೇಲೆ. ಬೆರಳು ಎಲ್ಲೂ ಸಿಕ್ಕಲಿಲ್ಲ. ಗೇಟು ಮುಟ್ಟಿ ತಿರುಗಿದಾಗ ಗರಿಕೆ ಬಲಕ್ಕೆ ಬಂತು, ನನಗೆ ಹೊಳೆಯಿತು: ಎಡಗಾಲು ಗರಿಕೆಯ ಮೇಲೇ ಇರಬೇಕಾದರೆ ಬಲಗಾಲು ಇಟ್ಟಿಗೆ ದಾಟಿ ಅವಳ ಹುಲ್ಲಿಗೆ ಬೀಳಬೇಕು. ಅವರು ಅಲ್ಲೇ ನಿಂತು ನನ್ನ ಮುಖ ನೋಡಿದರು. ಇಡಿ ಎಂದೆ. ಇಟ್ಟರು.

ಕಿಟಕಿಯಲ್ಲಿ ಯಂತ್ರ ನಿಂತಿತು.

"ಅವನ ಚಪ್ಪಲಿ ಬಿಚ್ಚಿಸು," ಅಂದಳು ಟೇಪಕ್ಕ. "ಹುಲ್ಲು ಹಾಳಾಗುತ್ತೆ."

ಯಂತ್ರ ಮತ್ತೆ ಓಡತೊಡಗಿತು. ನಾನು ಬಗ್ಗಿ ಅವರ ಚಪ್ಪಲಿ ಬಿಚ್ಚಿಸಿದೆ. ಬಾಗಿಲು ಮುಟ್ಟುವವರೆಗೂ ಅವರು ಬರಿಗಾಲಲ್ಲಿ ನಡೆದರು. ನನ್ನ ಚಪ್ಪಲಿಯನ್ನು ಮಾತ್ರ ನಾನು ಬಿಚ್ಚಲಿಲ್ಲ. ನಾನು ನಡೆದದ್ದು ನನ್ನ ಮಣ್ಣಿನ ಮೇಲೆ.